ಕಸ್ತೂರಿಯ ಗಂಗಾಳ

ಮೊದಲ ನಡುಕದಿಂದ ನೂರ ಅರವತ್ತೆರಡನೆಯ ವರ್ಷ,
ಆಶ್ವೀಜಕ್ಕೂ ಕಾರ್ತಿಕಕ್ಕೂ ನಡುವಿನ ಲೆಕ್ಕಕ್ಕಿಲ್ಲದ ದಿನ,
ಅಂಬಿಗೇರಿ ಬಡಾವಣೆ, ನಲವತ್ತೊಂದನೆಯ ಹೊಸ್ತಿಲು.

ಮಾತೃಶ್ರೀ ತುಂಗಜ್ಜಿಯವರಿಗೆ ಉಸುಕವ್ವ ಮಾಡುವ ನಮಸ್ಕಾರಗಳು. ಇತ್ತ ನಾವು ಕ್ಷೇಮ. ಅತ್ತ ನೀವು ಕ್ಷೇಮವಾಗಿಲ್ಲವೆಂದು ಬಲ್ಲೆ, ಅದಕ್ಕೇ ಬರೆಯುತ್ತಿದ್ದೇನೆ.

ಮೇಲಿನ ದಿನಾಂಕ ನೋಡಿ, ಯಾರೋ ಕುಚೋದ್ಯ ಮಾಡಿದ್ದಾರೆಂದು ಈ ಕಾಗದವನ್ನು ಮಡಚಿ ಒಲೆಗೆ ಹಾಕಬೇಡಿ. ನಾನು ನಿಮ್ಮ ಮಗಳು ದೇವಕ್ಕಿಯ ಮೊಮ್ಮಗಳ ಮೊಮ್ಮಗಳು. ನೀವು ಇದನ್ನು ಓದುವ ಹೊತ್ತಿಗೆ ದೇವಕ್ಕಿಗೆ ಆರು ವರ್ಷ, ತಗಡಿನ ಶೆಡ್ಡಿನ ಮುಂದೆ ಕುಂಟೆಬಿಲ್ಲೆ ಆಡುತ್ತಿರಬಹುದು. ನಿಮಗೆ ಇಪ್ಪತ್ತೊಂಬತ್ತು. ನನಗೆ ಅರವತ್ತೊಂದು, ಜೊತೆಗೆ ಮಂಡಿನೋವು. ಯಾರು ಯಾರ ಕಾಲಿಗೆ ಬೀಳಬೇಕೆಂಬ ಗೊಂದಲವನ್ನು ಬಗೆಹರಿಸುವವರು ಯಾರೂ ಇಲ್ಲದ್ದರಿಂದ ನಾನೇ ಬಿದ್ದಿದ್ದೇನೆ. ನನ್ನ ಹೆಸರಿಗೂ ನಗಬೇಡಿ. ನಿಮ್ಮ ಕಾಲದಲ್ಲಿ ಯಾರೂ ಮಗುವಿಗೆ ಉಸುಕು ಎಂದು ಹೆಸರಿಡುತ್ತಿರಲಿಲ್ಲ. ಉಸುಕಿಗೆ ಹೆದರಿ ಹೆದರಿ ಸಾಕಾದ ಮೇಲೆ ನಮ್ಮವರು ಅದರ ಹೆಸರನ್ನೇ ಮಕ್ಕಳಿಗಿಟ್ಟು ಮಡಿಲಲ್ಲಿ ಕೂರಿಸಿಕೊಂಡರು. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳು ಬರುತ್ತವೆ, ಕ್ಷಮಿಸಬೇಕು. ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ.

ಮೊದಲು ಈ ಲೆಕ್ಕಕ್ಕಿಲ್ಲದ ದಿನ. ನೆಲ ನಡುಗಿ ನಿಮ್ಮ ಮನೆ ಬಿದ್ದ ದಿನವನ್ನು ನಮ್ಮ ಪಂಚಾಂಗ ಯಾವ ತಿಂಗಳಿಗೂ ಸೇರಿಸುವುದಿಲ್ಲ. ಆ ದಿನ ಯಾರೂ ಕೆಲಸ ಮಾಡುವುದಿಲ್ಲ. ಹಿಂದಿನವರಿಗೆ ಒಂದು ಕಾಗದ ಬರೆಯುತ್ತೇವೆ. ಇದಕ್ಕೆ ಹಿಂಬರಹ ಎಂದು ಹೆಸರು. ಬರೆದವರು ತಮ್ಮ ಹಿರಿಯರ ಹೊಸ್ತಿಲಿನ ಮೇಲೆ ಕೂತು ಗಟ್ಟಿಯಾಗಿ ಓದುತ್ತಾರೆ, ಕಾಗದವನ್ನು ನೀರಿನಲ್ಲಿ ಅದ್ದುತ್ತಾರೆ, ಶಾಯಿ ಬಿಟ್ಟ ನೀರನ್ನು ಹತ್ತಿರದ ಗಿಡದ ಬುಡಕ್ಕೆ ಸುರಿಯುತ್ತಾರೆ. ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ. ಆದರೂ ಬರೆಯುತ್ತೇವೆ. ಸಾಮಾನ್ಯವಾಗಿ ನಡುಕದ ಹಿಂದಿನ ದಿನಕ್ಕೆ ಬರೆಯುವುದು ರೂಢಿ, ಹೊರಗೆ ಮಲಗಿ, ಒಳಗಿರಬೇಡಿ ಎಂದು. ನಾನು ಮಾತ್ರ ಈ ಸಲ ನಡುಕವಾಗಿ ನಲವತ್ತನೆಯ ದಿನದ ಸಂಜೆಗೆ ಬರೆಯುತ್ತಿದ್ದೇನೆ. ಮಾರನೆಯ ಮುಂಜಾನೆ ನಿಮ್ಮ ತವರಿನ ಗಂಗಾಳವನ್ನು ಹೊಳೆಗೆ ಎಸೆಯಬೇಕೆಂದು ನೀವು ನಿರ್ಧರಿಸಿರುವುದು ನನಗೆ ಗೊತ್ತು. ಎಸೆಯಬೇಡಿ ಎಂದು ಕೇಳಿಕೊಳ್ಳಲು ಈ ಕಾಗದ.

ಹೇಗೆ ಗೊತ್ತು ಎಂದರೆ, ನಿಮ್ಮ ದನಿ ಕೇಳಿದೆ. ಅಂದು ಸಂಜೆ ನೀವು ನಿಮ್ಮ ಅಕ್ಕ ಪಾರವ್ವನವರಿಗೆ ಫೋನಿನಲ್ಲಿ ಮಾತಾಡಿ ಕಳಿಸಿದ್ದು ಅವರ ಮನೆತನದಲ್ಲಿ ಹೇಗೋ ಉಳಿದಿತ್ತು. ನಮ್ಮಲ್ಲಿ ಸದ್ದುಬಿಡಿಸುವವರು ಎಂಬ ಕಸುಬಿನವರಿದ್ದಾರೆ. ಸತ್ತುಹೋದ ಫೋನುಗಳ ಹೊಟ್ಟೆಯಿಂದ ಹಳೆಯ ದನಿಗಳನ್ನು ಬಿಡಿಸಿ ತೆಗೆಯುವುದು ಅವರ ಕೆಲಸ. ಎರಡು ತಿಂಗಳ ಹಿಂದೆ ಅವರು ನನ್ನನ್ನು ಕರೆದು ಕೂರಿಸಿ, ಇದು ನಿಮ್ಮ ಓಣಿಯದು ಅನಿಸುತ್ತದೆ, ಕೇಳಿ ಎಂದರು. ನಾಲ್ಕು ನಿಮಿಷದ ಮಾತು. ಹಿಂದೆ ಎಲ್ಲೋ ಒಂದು ಕುಕ್ಕರು ಕೂಗುತ್ತದೆ, ಯಾರೋ ತಗಡಿಗೆ ಮೊಳೆ ಹೊಡೆಯುತ್ತಿದ್ದಾರೆ. ನಿಮ್ಮ ದನಿ ನನ್ನ ಅವ್ವನ ದನಿಯ ಹಾಗೆಯೇ ಇದೆ. ಮೊದಲ ಸಲ ಕೇಳಿದಾಗ ನನಗೆ ಮಾತುಗಳೇ ತಲೆಗೆ ಹೋಗಲಿಲ್ಲ.

ಅದಕ್ಕಿಂತ ಮೊದಲು ನಾವು ಏನೆಂದು ನಂಬಿದ್ದೆವು ಎಂಬುದನ್ನು ಹೇಳಬೇಕು, ಇಲ್ಲವಾದರೆ ನನ್ನ ಸಂಕಟ ನಿಮಗೆ ತಿಳಿಯುವುದಿಲ್ಲ.

ನೀವು ಈಗ ಕಾಣುತ್ತಿರುವ ಅಂಬಿಗೇರಿ, ಕೆಡವಬೇಕಾದ ಗೋಡೆಗಳಿಗೆ ಕೆಂಪು ಬಣ್ಣದ ಗೀಟು ಎಳೆಸಿಕೊಂಡು ನಿಂತಿದೆ. ನೆಲ ಬಿರಿದು, ಹಾಸುಗಲ್ಲು ಎತ್ತಿ, ಅಡುಗೆಮನೆಯ ನಡುವಿನಿಂದಲೇ ಬೂದುಬಣ್ಣದ ಉಸುಕೂ ನೀರೂ ಉಕ್ಕಿ ಬಂದದ್ದನ್ನು ನೀವು ಕಣ್ಣಾರೆ ಕಂಡವರು. ಯಾಕೆ ಹಾಗಾಯಿತೆಂಬುದು ಆಮೇಲೆ ತಿಳಿಯಿತು. ಕೃಷ್ಣೆ ಒಂದು ಕಾಲಕ್ಕೆ ಹರಿಯುತ್ತಿದ್ದ ಹಳೆಯ ದಾರಿಯನ್ನು ಮಣ್ಣು ತುಂಬಿ ಮುಚ್ಚಿ ಅದರ ಮೇಲೆ ನಿವೇಶನ ಹಂಚಿದ್ದರು. ನೆಲ ಅಲುಗಿದಾಗ ಹೊಳೆ ತನ್ನ ಹಳೆಯ ದಾರಿ ನೆನಪಿಸಿಕೊಂಡಿತು. ಮುಂದೆ ಒಂದೊಂದಾಗಿ ಮನೆಗಳನ್ನೆಲ್ಲ ಕೆಡವಿದರು. ಹೆಂಗಸರು ಹಟ ಹಿಡಿದು ಹೊಸ್ತಿಲುಗಳನ್ನು ಮಾತ್ರ ಉಳಿಸಿಕೊಂಡರಂತೆ. ಇವತ್ತು ಇಲ್ಲಿ ಮುನ್ನೂರ ಹನ್ನೆರಡು ಹೊಸ್ತಿಲುಗಳಿವೆ, ಹಿಂದೆ ಮನೆಯಿಲ್ಲ. ಹಿತ್ತಿಲಿನ ಗಿಡಗಳು ಮಾತ್ರ ಮನೆಯವರಿಲ್ಲದೆಯೂ ಬೆಳೆದವು. ಕರಿಬೇವು, ನುಗ್ಗೆ, ಪೇರಲ, ಲಿಂಬೆ, ಎಲ್ಲ ಒಂದಕ್ಕೊಂದು ಕೂಡಿಕೊಂಡು ಈಗ ಹೊಳೆಯುದ್ದಕ್ಕೂ ಒಂದೇ ತೋಪಾಗಿದೆ. ಇದನ್ನು ನಾವು ಹಿತ್ತಿಲುಸಾಲು ಎನ್ನುತ್ತೇವೆ. ಯಾರು ಬೇಕಾದರೂ ಕೊಯ್ಯಬಹುದು, ಆದರೆ ಕೊಯ್ಯುವ ಮೊದಲು ಹೊಸ್ತಿಲಿನ ಮುಂದೆ ನಿಂತು ಮನೆಯವರನ್ನು ಕೂಗಿ ಕೇಳಬೇಕು. ನಿಮ್ಮ ಲಿಂಬೆಯ ಬೇರಿನಿಂದ ಎದ್ದ ಗಿಡ ಇನ್ನೂ ಕಾಯಿ ಬಿಡುತ್ತದೆ. ಪ್ರತಿ ಬೇಸಿಗೆಯಲ್ಲೂ ಯಾರಾದರೊಬ್ಬರು ಬಂದು, ತುಂಗವ್ವಾ, ಎರಡು ಲಿಂಬಿಕಾಯಿ ಒಯ್ಯತೇನು ಎಂದು ನಿಮ್ಮನ್ನು ಕೇಳುತ್ತಾರೆ.

ನಾವು ವಾಸಿಸುವುದು ಸ್ವಲ್ಪ ಮೇಲೆ, ಗಟ್ಟಿ ನೆಲದಲ್ಲಿ. ನಮ್ಮ ಮನೆಗಳಿಗೆ ಹಗುರಮನೆ ಎಂದು ಹೆಸರು. ಬಿದಿರಿನ ಚೌಕಟ್ಟು, ನಾರಿನ ಗೋಡೆ, ತಲೆಯ ಮಟ್ಟಕ್ಕಿಂತ ಮೇಲೆ ತುಂಬಿದ ತಂಬಿಗೆಗಿಂತ ಭಾರವಾದದ್ದು ಏನೂ ಇಡುವಂತಿಲ್ಲ. ಮದುವೆಯಾಗಿ ಬಂದ ಸೊಸೆ ಒಳಗೆ ಕಾಲಿಡುವ ಮೊದಲು ಎರಡೂ ಕೈಯಿಂದ ಮಾಡಿನ ಅಂಚನ್ನು ಎತ್ತಿ ನೋಡುತ್ತಾಳೆ. ಎತ್ತಲಾಗದಿದ್ದರೆ ಒಳಗೆ ಹೋಗುವುದಿಲ್ಲ, ಮಾವನೇ ಬಂದು ಭಾರ ಇಳಿಸಬೇಕು. ನನ್ನ ಮದುವೆಯ ದಿನ ನನ್ನ ಮಾವ ಆ ಮಾಡಿನ ಮೇಲೆ ಕುಂಬಳಕಾಯಿ ಒಣಹಾಕಿ ಮರೆತಿದ್ದ. ಬೀಗರೆಲ್ಲರ ಎದುರಿಗೆ ಅವನು ಹನ್ನೊಂದು ಕುಂಬಳಕಾಯಿ ಇಳಿಸಿದ್ದನ್ನು ಇವತ್ತಿಗೂ ಹೇಳಿ ನಗುತ್ತಾರೆ. ದಾರಿಯಲ್ಲಿ ಎದುರಾದವರನ್ನು ನಾವು ಊಟವಾಯಿತೇ ಎಂದು ಕೇಳುವುದಿಲ್ಲ. ನೆಲ ಸುಮ್ಮನಿದೆಯೇ ಎಂದು ಕೇಳುತ್ತೇವೆ. ಸುಮ್ಮನಿದೆ ಎಂದು ಉತ್ತರ.

ನೆಲ ಸುಮ್ಮನಿದೆಯೋ ಇಲ್ಲವೋ ಎಂದು ನೋಡುವವಳು ನೀರುಗಣ್ಣಿ. ಓಣಿಗೊಬ್ಬಳು. ಮುಂಜಾನೆ ಅಗಲವಾದ ಹಿತ್ತಾಳೆ ಗಂಗಾಳದಲ್ಲಿ ಅಂಚಿನವರೆಗೆ ನೀರು ತುಂಬಿ ನೆಲದ ಮೇಲೆ ಇಟ್ಟುಕೊಂಡು ಕೂರುತ್ತಾಳೆ. ನಮಗೆ ಕಾಲಿಗೆ ತಿಳಿಯದ ಸಣ್ಣ ನಡುಕವೂ ನೀರಿಗೆ ತಿಳಿಯುತ್ತದೆ. ನೀರಿನಲ್ಲಿ ಬಳೆಬಳೆಯಾಗಿ ಅಲೆ ಎದ್ದರೆ ನೀರು ಚೆಲ್ಲಿ, ಗಂಗಾಳವನ್ನು ಸವಟಿನಿಂದ ಬಾರಿಸಿ, ಹೊರಗೆ ಬರ್ರಿ ಎಂದು ಕೂಗುತ್ತಾಳೆ. ಊರಿನಲ್ಲಿ ಇದಕ್ಕಿಂತ ಚೆನ್ನಾಗಿ ಅಳೆಯುವ ಯಂತ್ರಗಳಿವೆ, ಇಲ್ಲವೆನ್ನುವುದಿಲ್ಲ. ಆದರೆ ಯಂತ್ರ ಕೂಗಿದರೆ ಜನ ಏನೆಂದು ನೋಡಲು ಕಿಟಕಿಗೆ ಬರುತ್ತಾರೆ. ಪರಿಚಯದ ಹೆಂಗಸು ಕೂಗಿದರೆ ಅಂಗಳಕ್ಕೆ ಬರುತ್ತಾರೆ. ಅರವತ್ತಮೂರನೆಯ ವರ್ಷದಲ್ಲಿ ಎರಡನೆಯ ನಡುಕವಾದಾಗ ಊರಿನ ಬೇರೆ ಕೇರಿಗಳಲ್ಲಿ ಬಹಳ ಜನ ತೀರಿಹೋದರು. ಅಂಬಿಗೇರಿಯ ಒಂಬತ್ತು ಓಣಿಗಳಲ್ಲಿ ಒಬ್ಬರೂ ಹೋಗಲಿಲ್ಲ. ಎಲ್ಲರೂ ಅಂಗಳದಲ್ಲಿದ್ದರು. ಅದಾದ ಮೇಲೆ ಭಕ್ತಿ ಹೆಚ್ಚಾಗಿ ಕೆಲವರು ಗಂಗಾಳಕ್ಕೆ ಅರಿಸಿನ ಕುಂಕುಮ ಏರಿಸಿ ನೀರು ಕಾಣದ ಹಾಗೆ ಚೆಂಡುಹೂವು ತುಂಬತೊಡಗಿದ್ದರು. ಆಗ ಒಬ್ಬ ಮುದುಕಿ, "ಹೂವಿನ ಕೆಳಗ ನೀರ್ ನಡಗಿದ್ರ ನಿಮಗೇನ್ ಕನಸು ಬೀಳ್ತೈತೇನು?" ಎಂದು ಬೈದು ಎಲ್ಲವನ್ನೂ ಎತ್ತಿ ಚೆಲ್ಲಿದಳಂತೆ. ಅಂದಿನಿಂದ ಬರಿಯ ನೀರು.

ಈ ಪದ್ಧತಿಯನ್ನು ಶುರುಮಾಡಿದವರು ನೀವು ಎಂದು ನಮಗೆ ಕಲಿಸಿದ್ದರು. ನಡುಕದ ನಂತರ ತುಂಗವ್ವನೆಂಬ ಜಾಣೆ, ನೀರಿನಲ್ಲಿ ನೆಲದ ಗುಟ್ಟು ಕಾಣುತ್ತದೆಂದು ಕಂಡುಹಿಡಿದು ದಿನವೂ ಹೊಸ್ತಿಲಿನ ಮುಂದೆ ಗಂಗಾಳ ಇಟ್ಟು ಕಾದಳು, ನೆರೆಯವರು ನೋಡಿ ಕಲಿತರು ಎಂದು. ನಾಲ್ಕನೆಯ ಓಣಿಯ ನೀರುಗಣ್ಣಿಯಾಗಿ ಮೂವತ್ತು ವರ್ಷ ನಾನೂ ಎಳೆಯರಿಗೆ ಇದನ್ನೇ ಹೇಳಿದೆ. ನನ್ನ ಪಾಲಿನ ಗಂಗಾಳ ನಿಮ್ಮದೇ. ಅಂಚಿನಲ್ಲಿ ಒಂದು ಕಡೆ ಹೆಬ್ಬೆರಳಗಲದ ತಗ್ಗಿದೆ. ಅದನ್ನು ಯಾರೂ ಬಡಿದು ಸರಿಮಾಡಬಾರದು ಎಂಬ ಕಟ್ಟಳೆಯಿತ್ತು, ಯಾಕೆಂದು ಯಾರಿಗೂ ಗೊತ್ತಿರಲಿಲ್ಲ.

ಈಗ ಗೊತ್ತು. ನೀವೇ ನಿಮ್ಮ ಅಕ್ಕನಿಗೆ ಹೇಳಿದ್ದೀರಿ.

ಮೊದಲು ಸಣ್ಣಗೆ ಅಲುಗಿತು, ಎಲ್ಲರೂ ಹೊರಗೆ ಬಂದಿರಿ. ನೀವು, ದೇವಕ್ಕಿ, ನಿಮ್ಮ ನಾದಿನಿ ಕಸ್ತೂರಿ. ನೆಲ ಸುಮ್ಮನಾಯಿತು. ಜನ ಒಬ್ಬರ ಮುಖ ಒಬ್ಬರು ನೋಡಿ ನಗತೊಡಗಿದರು. ಆಗ ನಿಮಗೆ ಗಂಗಾಳದ ನೆನಪಾಯಿತು. "ನಮ್ಮವ್ವ ಕೊಟ್ಟ ಗಂಗಾಳ ಒಳಗ ಐತಿ, ತಗೊಂಡ್ ಬಾ ಅಂದೆ ಅಕ್ಕಾ. ಒಂದ್ ಮಾತ್ ಎದುರಾಡಲಿಲ್ಲ, ಓಡಿ ಹೋದ್ಲು. ಇಪ್ಪತ್ತು ವರ್ಷದ ಹುಡುಗಿ. ನಾನs ಕಳಿಸಿದೆ." ದೊಡ್ಡದು ಬಂದದ್ದು ಆಗ. ಮೂರನೆಯ ದಿನ ಅವಳನ್ನು ತೆಗೆದಾಗ ಗಂಗಾಳವನ್ನು ಎದೆಗೆ ಅವುಚಿಕೊಂಡಿದ್ದಳು. ಅಂಚಿನಲ್ಲಿ ಒಂದು ತಗ್ಗು ಬಿದ್ದಿತ್ತು, ಅಷ್ಟೇ. ಆಮೇಲಿಂದ ನೀವು ದಿನವೂ ಅದರಲ್ಲಿ ನೀರು ತುಂಬಿ ಹೊಸ್ತಿಲಿನ ಮುಂದೆ ಇಡುತ್ತಿದ್ದದ್ದು ನಡುಕ ನೋಡಲಿಕ್ಕಲ್ಲ. "ಧೂಳಿನಾಗ ಸತ್ತಾಳ, ಅಕಿಗೆ ನೀರಡಿಕಿ ಆಗಿರ್ತೈತಿ" ಎಂದಿದ್ದೀರಿ. ಒಂದು ದಿನ ಆ ನೀರು ನಡುಗಿದ್ದನ್ನು ಎದುರುಮನೆಯವರು ಕಂಡು, ಓಹೋ ಇದಕ್ಕೆ ಇಡುತ್ತಾಳೆ ಎಂದುಕೊಂಡು ತಾವೂ ಇಟ್ಟರು. ಅವರಿಗೆ ಬಿಡಿಸಿ ಹೇಳುವ ಚೈತನ್ಯ ನಿಮಗಿರಲಿಲ್ಲ. ಕೊನೆಗೆ, "ದಿನಾ ತುಂಬೂದು, ದಿನಾ ಅದರಾಗ ನನ್ನ ಮಾರಿ ನಾನs ನೋಡೂದು, ಇನ್ನ ನನ್ನ ಕೈಲೆ ಆಗೂದಿಲ್ಲ. ನಾಳೆ ಮುಂಜಾನೆ ಹೊಳಿಗೆ ಒಗದ ಬರ್ತೀನಿ" ಎಂದು ಮಾತು ಮುಗಿಸಿದಿರಿ.

ತುಂಗಜ್ಜಿ, ನಾನು ಈ ಮಾತನ್ನು ಹದಿನಾಲ್ಕು ಸಲ ಕೇಳಿದ್ದೇನೆ. ಹದಿನಾಲ್ಕು ಸಲವೂ ಅತ್ತಿದ್ದೇನೆ. ಮೂವತ್ತು ವರ್ಷ ನಿಮ್ಮನ್ನು ಜಾಣೆ ಎಂದು ಹೊಗಳಿದೆ, ಒಂದು ದಿನವೂ ನಿಮಗೆ ಎಷ್ಟು ನೋವಾಗಿತ್ತೆಂದು ಕೇಳಲಿಲ್ಲ.

ನಿಮಗೆ ಸಮಾಧಾನ ಹೇಳಬೇಕು. ಆ ದಿನದ ಬಗ್ಗೆ ಬದುಕುಳಿದವರು ಹೇಳಿದ್ದನ್ನೆಲ್ಲ ಬರೆದಿಟ್ಟಿದ್ದಾರೆ, ಓದಿದೆ. ಅಂದಿನ ಸಣ್ಣ ನಡುಕಕ್ಕೂ ದೊಡ್ಡದಕ್ಕೂ ನಡುವೆ ಹನ್ನೊಂದು ನಿಮಿಷವಿತ್ತು. ಆ ಹನ್ನೊಂದು ನಿಮಿಷದಲ್ಲಿ ನಿಮ್ಮ ಓಣಿಯೊಂದರಲ್ಲೇ ಹದಿನೇಳು ಮನೆಗಳಲ್ಲಿ ಯಾರಾದರೂ ಒಳಗೆ ಹೋಗಿದ್ದಾರೆ. ಒಬ್ಬರು ಹಾಲು ಉಕ್ಕೀತೆಂದು, ಒಬ್ಬರು ಕನ್ನಡಕಕ್ಕೆ, ಒಬ್ಬರು ಬೀಗಕ್ಕೆ. ಹದಿನಾರು ಮನೆಯವರು ಹೊರಗೆ ಬಂದರು. ನಿಮ್ಮ ಅಡುಗೆಮನೆಯ ಕೆಳಗೆ ಹಳೆಯ ಹೊಳೆಯ ಮಡುವೊಂದಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ಇದನ್ನು ತಿಳಿದರೆ ನಿಮ್ಮ ಎದೆಯ ಭಾರ ಇಳಿಯುತ್ತದೆಂದು ನಾನು ಹೇಳಲಾರೆ. ಇಂಥ ತಿಳಿವಳಿಕೆಯಿಂದ ಭಾರ ಇಳಿಯುವುದಿಲ್ಲವೆಂದು ನನಗೂ ಗೊತ್ತಾಗಿದೆ. ಯಾಕೆಂದರೆ ನಾನೂ ಒಬ್ಬರನ್ನು ಕಳಿಸಿದ್ದೇನೆ.

ಗಂಗಾಳ ನೆಲವನ್ನೇ ಮುಟ್ಟಬೇಕು, ಅಡಿಯಲ್ಲಿ ಏನೂ ಇರಬಾರದು ಎಂಬುದು ನೀರುಗಣ್ಣಿ ಕಲಿಯುವ ಮೊದಲ ಪಾಠ. ಹೋದ ಶ್ರಾವಣದಲ್ಲಿ ನನ್ನ ಮಂಡಿ ಬಗ್ಗದಾಯಿತು. ಯಾರಿಗೂ ಹೇಳದೆ ಗಂಗಾಳವನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟುಕೊಂಡು ಕೂತೆ. ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ಮುಂಜಾನೆ ನೀರಿನಲ್ಲಿ ಬಳೆಬಳೆಯಾಗಿ ಅಲೆ ಎದ್ದಿತು. ನೀರು ಚೆಲ್ಲಿ ಬಾರಿಸಿದೆ, ಕೂಗಿದೆ. ಇಡೀ ಓಣಿ ಅಂಗಳಕ್ಕೆ ಓಡಿ ಬಂತು. ಹುಲಗಪ್ಪನೆಂದು ನಮ್ಮ ಹಳೆಯ ಅಂಬಿಗ, ಎಂಬತ್ತಮೂರು ವರ್ಷ, ಹೊಳೆಯ ಮೇಲೆ ಒಂದು ದಿನವೂ ಕಾಲು ಜಾರದವನು, ಮನೆಯ ಮೆಟ್ಟಿಲಿನ ಮೇಲೆ ಜಾರಿ ಬಿದ್ದ. ಒಂಬತ್ತನೆಯ ದಿನ ತೀರಿಕೊಂಡ. ನೆಲ ನಡುಗಿರಲೇ ಇಲ್ಲ. ಮಾರನೆಯ ದಿನ ನಾನು ಕಲ್ಲಿಗೆ ಕೈಯೂರಿ ಏಳಲು ಹೋದಾಗ ಕಲ್ಲು ಡಗಮಗಿಸಿತು, ನೀರಿನಲ್ಲಿ ಅದೇ ಅಲೆ. ನಡುಗಿದ್ದು ನಾನು.

ಓಣಿಯವರೆಲ್ಲ ಕೂಡಿದ್ದಾಗ ಎದ್ದು ನಿಂತು ಹೇಳಿಕೊಂಡೆ. ಕಾರ್ತಿಕದ ಮೊದಲ ದಿನ, ಅಂದರೆ ನಾಳೆ, ಗಂಗಾಳ ಒಪ್ಪಿಸಿಬಿಡುತ್ತೇನೆ ಎಂದೆ. ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಜಾಗಕ್ಕೆ ಬರಬೇಕಾದ ಹುಡುಗಿಯ ಕಲಿಕೆ ಮುಗಿಯಲು ಇನ್ನೂ ಎರಡು ವರ್ಷ ಬೇಕು. ಅಲ್ಲಿಯವರೆಗೆ ನಾಲ್ಕನೆಯ ಓಣಿಗೆ ಕಣ್ಣಿಲ್ಲ. ಆದರೆ ಗಂಗಾಳ ಮುಟ್ಟಲು ಹೋದಾಗಲೆಲ್ಲ ನನಗೆ ಆ ಮೆಟ್ಟಿಲು ಕಾಣುತ್ತದೆ. ಹುಲಗಪ್ಪನ ಹೆಂಡತಿ ಸೋಮವ್ವನ ಎದುರಿಗೆ ಹಾಯುವುದನ್ನೇ ಬಿಟ್ಟಿದ್ದೆ. ಹೋದ ವಾರ ಅವಳೇ ಕೋಲೂರಿಕೊಂಡು ಬಂದಳು. "ನೀ ಹೊರಗ ಬರ್ರಿ ಅಂದಿ, ಅವರು ಬಂದ್ರು. ನಿನ್ನ ಮ್ಯಾಲ ನಂಬಿಗಿ ಇತ್ತಂತ ಬಂದ್ರು. ನಾಳೆ ನೀ ಕೂಗದಿದ್ರ ನಾ ಯಾರ ಮಾತಿಗೆ ಹೊರಗ ಬರ್ಲಿ?" ಎಂದಳು. ನನ್ನ ಉತ್ತರಕ್ಕೂ ಕಾಯದೆ, ಮನೆಯಲ್ಲಿ ರೊಟ್ಟಿ ಹಚ್ಚಿ ಬಂದಿದ್ದೇನೆ ಎಂದು ಹೊರಟುಹೋದಳು.

ಆ ಮಾತು ಕೇಳಿದ ಮೇಲೆ ನಿಮಗೆ ಬರೆಯಲು ಕೂತೆ. ನಿಮ್ಮ ಗಂಗಾಳ ಈಗಲೂ ನನ್ನ ಮುಂದಿದೆ, ತಗ್ಗಿನ ಸಮೇತ. ಅಂದರೆ ನೀವು ಅದನ್ನು ಹೊಳೆಗೆ ಎಸೆಯಲಿಲ್ಲ. ಆ ಮುಂಜಾನೆ ಏನಾಯಿತು, ಯಾರಾದರೂ ತಡೆದರೋ, ಹೊಳೆಯವರೆಗೆ ಹೋಗಿ ಹಿಂದಿರುಗಿದಿರೋ, ಯಾವ ದನಿಯಲ್ಲೂ ಉಳಿದಿಲ್ಲ. ಈ ಕಾಗದ ನಿಮಗೆ ತಲುಪಿದ್ದರಿಂದ ಹಾಗಾಯಿತೆಂದು ನಂಬುವಷ್ಟು ನಾನು ಹುಚ್ಚಿಯಲ್ಲ. ಆದರೂ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ, ತಲುಪಿದರೆ ತಲುಪಲಿ.

ನೀವು ತಪ್ಪು ಮಾಡಲಿಲ್ಲವೆಂದು ಹೇಳಿದರೆ ನೀವು ನಂಬುವುದಿಲ್ಲ, ನಾನೂ ನಂಬುತ್ತಿರಲಿಲ್ಲ. ಆದ್ದರಿಂದ ಅದನ್ನು ಬಿಡೋಣ. ಆ ಹುಡುಗಿಗೆ ನೀರಡಿಕೆಯಾಗಿರುತ್ತದೆ ಎಂದು ನೀವು ಇಟ್ಟ ನೀರು ಅರವತ್ತಮೂರು ವರ್ಷದ ನಂತರ ಒಂಬತ್ತು ಓಣಿಗಳ ಜನರನ್ನು ಅಂಗಳಕ್ಕೆ ಕರೆಯಿತು. ಅವರಲ್ಲಿ ನನ್ನ ಮುತ್ತಜ್ಜಿ ಇದ್ದಳು, ಕಂಕುಳಲ್ಲಿ ಕೂಸಿನೊಂದಿಗೆ. ಆ ಕೂಸಿನ ಮೊಮ್ಮಗಳು ನಾನು. ನೀವು ಎಸೆದಿದ್ದರೆ ಈ ಕಾಗದ ಬರೆಯುವವರೂ ಇರುತ್ತಿರಲಿಲ್ಲ. ಇನ್ನು ಮುಂದೆ ಎಳೆಯರಿಗೆ ಪಾಠ ಹೇಳುವಾಗ ನಿಮ್ಮ ಹೆಸರಿನ ಜೊತೆಗೆ ಕಸ್ತೂರಿಯ ಹೆಸರನ್ನೂ ಹೇಳುತ್ತೇನೆ. ಜಾಣೆ ಎನ್ನುವುದಿಲ್ಲ. ನಾದಿನಿಯನ್ನು ಕಳೆದುಕೊಂಡು ಅವಳಿಗೆ ನೀರಿಟ್ಟವಳು ಎನ್ನುತ್ತೇನೆ.

ಸಂಜೆಯಾಗುತ್ತ ಬಂತು. ಈ ಕಾಗದವನ್ನು ಓದಿ ನೀರಿನಲ್ಲಿ ಅದ್ದಬೇಕು, ನೀರನ್ನು ನಿಮ್ಮ ಲಿಂಬೆಯ ಬುಡಕ್ಕೆ ಸುರಿಯಬೇಕು. ಸೋಮವ್ವ ಪಕ್ಕದ ಹೊಸ್ತಿಲಿನ ಮೇಲೆ ಕೂತು ಗಂಡನಿಗೆ ತನ್ನ ಕಾಗದ ಓದುತ್ತಿದ್ದಾಳೆ, ನಡುನಡುವೆ ಜಗಳವಾಡುತ್ತಿದ್ದಾಳೆ. ನಾಳೆ ಮುಂಜಾನೆ ನಾನು ಗಂಗಾಳ ಒಪ್ಪಿಸುವುದಿಲ್ಲ. ನೆಲದ ಮೇಲೆಯೇ ಇಡುತ್ತೇನೆ, ಮಂಡಿ ನೋಯುವುದಾದರೆ ನೋಯಲಿ, ಬಗ್ಗುತ್ತೇನೆ. ನೀವೂ ನಾಳೆ ಒಂದು ದಿನ ಹೊಳೆಗೆ ಹೋಗಬೇಡಿ. ತುಂಬಿಸಿ ಇಡಿ ಅಜ್ಜಿ, ಕಸ್ತೂರಿಗೆ ನೀರಡಿಕೆಯಾಗಿರುತ್ತದೆ.

ನಿಮ್ಮ
ಉಸುಕವ್ವ